ಬಾಣಂತಿ-ಕೂಸಿನ ದಿನಾ ಹೆಂಗ ನಡಸೋದು: ಆಸ್ಪತ್ರಿಂದ ಮನಿಗೆ ಬಂದಾಗಿಂದ ಆರು ತಿಂಗಳತನಕ

ನನ್ನ ಎರಡನೇ ಕೂಸಿಗೆ ಈಗ ಏಳು ತಿಂಗಳು. ಮೊದಲನೇ ಬಾಣಂತನ ಇಳಕಲ್ಲಾಗ ತವರಮನ್ಯಾಗ ಆತು, ಎರಡನೇದು ಬಾಗಲಕೋಟಿ ನವನಗರದಾಗ ನಮ್ಮ ಮನ್ಯಾಗೇ ಆತು, ಅವ್ವ ಇಲ್ಲಿಗೇ ಬಂದು ಎರಡು ತಿಂಗಳು ಇದ್ಲು. ಮೊದಲನೇ ಸಲ ಮನಿ ತುಂಬ ಮಂದಿ, ಎಲ್ಲಾರೂ ಕೂಸಿನ್ನ ನೋಡಾವ್ರೇ, ನಾ ಉಂಡ್ನೋ ಬಿಟ್ನೋ, ನೀರು ಕುಡದ್ನೋ ಇಲ್ಲೋ ಕೇಳಾವ್ರು ಇಲ್ಲ. ಹಾಲು ಸಾಲೂದಿಲ್ಲ ಅಂತ ನಾ ಅಳತಿದ್ದೆ, ಎದಿ ಬಿರತು, ಜ್ವರಾ ಬಂತು. ಎರಡನೇ ಸಲ ನಾ ಒಂದ ಮಾತು ಗಟ್ಟಿ ಹಿಡಕೊಂಡೆ, ಮೊದಲ ಬಾಣಂತಿ ಉಣಬೇಕು, ಕುಡಿಬೇಕು, ಮಲಗಬೇಕು, ಉಳದದ್ದೆಲ್ಲಾ ಆಮ್ಯಾಲೆ. ಮೊದಲನೇ ಸಲ ತಾಯಿ ಆಗಾಕತ್ತಿರೋ ತಂಗ್ಯಾರಿಗೆ ಅಂತ ಇದನ್ನ ಬರಿಯಾಕತ್ತೇನಿ, ಓದಿ ನಿಮ್ಮ ಮನಿಯವ್ರಿಗೂ ಓದಸ್ರಿ, ಯಾಕಂದ್ರ ಇದರಾಗ ಅರ್ಧ ಕೆಲಸ ಅವರದೇ ಐತಿ.

ಹೆರಿಗಿ ಮೊದಲೇ ಮಾಡಿಟ್ಟಕೋರಿ

ಎಂಟನೇ ತಿಂಗಳದಾಗೇ ಕೋಣಿ ತಯಾರ ಮಾಡ್ರಿ. ಕಿಡಕಿ ಇರೋ ಕೋಣಿ ಬೇಕು. ಕಿಡಕಿಗೆಲ್ಲಾ ಬಟ್ಟಿ ಹೊಚ್ಚಿ ಕತ್ತಲಿ ಮಾಡಿ ಬಾಣಂತಿನ್ನ ಒಳಗ ಕುಂಡ್ರಸೋದು ಬ್ಯಾಡ, ಎದರಿಗೆ ಗಾಳಿ ಹೊಡಿಲಾರದಂಗ ಹಾಸಗಿ ಸರಿಸಿದ್ರ ಆತು. ಹಾಸಗಿ ಪಕ್ಕದಾಗ ಒಂದು ಬುಟ್ಟಿ ಇಟ್ಟು ಅದರಾಗ ದೊಡ್ಡ ನೀರಿನ ಬಾಟಲಿ, ನಾಕೈದು ಅಂಟಿನ ಉಂಡಿ, ಒರಸೋ ಬಟ್ಟಿ, ಕೂಸಿನ ಲಂಗೋಟಿ, ಪ್ಯಾಡ್, ಫೋನ್ ಚಾರ್ಜರ್ ಹಾಕಿಡ್ರಿ, ಯಾಕಂದ್ರ ಕೂಸು ಒಂದ್ಸಲ ಎದಿಗೆ ಹತ್ತಿತಂದ್ರ ಅರ್ಧಾ ತಾಸು ನೀವು ಏಳಂಗಿಲ್ಲ, ನೀರಡಿಕಿ ಆಗೋದೂ ಅವಾಗೇ.

ಬಟ್ಟಿ ಹೊಸಾವು ಬ್ಯಾಡ. ನಮ್ಮ ಆಯಿಯ ಹಳೇ ಇಳಕಲ್ ಕಾಟನ್ ಸೀರಿ ಎರಡು ಇದ್ವು, ತೊಳದು ತೊಳದು ಬೆಣ್ಣಿಯಂಗ ಆಗಿದ್ವು, ಅವನ್ನ ಹರದು ಇಪ್ಪತ್ತೈದು ಲಂಗೋಟಿ, ಎಂಟು ಸುತ್ತೋ ಬಟ್ಟಿ ಮಾಡಿದ್ವಿ. ಇವನ್ನ ಬಿಸಿನೀರಾಗ ತೊಳದು ಖಡಕ್ ಬಿಸಲಾಗ ಒಣಗಸ್ರಿ. ಹಗಲಿ ಲಂಗೋಟಿ, ರಾತ್ರಿಗೆ ಒಂದು ಡೈಪರ್ ಹಾಕಿದ್ರ ನಿಮಗೂ ಸೊಲ್ಪ ನಿದ್ದಿ ಸಿಗತೈತಿ, ಅದರಾಗ ಏನೂ ತಪ್ಪಿಲ್ಲ.

ಮತ್ತ ಗಂಡನ ಜೋಡಿ, ಅವ್ವನ ಜೋಡಿ, ಅತ್ತಿ ಜೋಡಿ ಕುಂತು ಕೆಲಸ ಹಂಚಕೋರಿ. ಕೂಸು ಬಂದ ಮ್ಯಾಲೆ ಕೇಳಿದ್ರ ಜಗಳ ಆಗ್ತೈತಿ, ಮೊದಲೇ ಕೇಳಿದ್ರ ಮಾತ ಆಗ್ತೈತಿ. ನಮ್ಮನಿಯವ್ರದು ರಾತ್ರಿ ಲಂಗೋಟಿ ಬದಲಸೋದು, ತೇಗು ತರಸೋದು. ಅವ್ವಂದು ಅಡಗಿ ಮತ್ತ ಎರಿಯೋದು. ನಂದು ಹಾಲು ಕುಡಸೋದು, ಮಲಗೋದು, ಅಷ್ಟ.

ಹಾಲು ಕುಡಸೋದು

ಹುಟ್ಟಿ ಒಂದು ತಾಸಿನೊಳಗ ಕೂಸಿನ್ನ ಎದಿಗೆ ಹಚ್ಚಬೇಕು. ಆಪರೇಶನ್ ಆಗಿದ್ರೂ ನರ್ಸ್‌ಗೆ ಹೇಳಿ ಹಚ್ಚಸಗೋಬಹುದು. ಮೊದಲ ಎರಡು ಮೂರು ದಿನ ಬರೋ ಹಳದಿ ಗಟ್ಟಿ ಹಾಲು ಚಮಚಾದಷ್ಟೇ ಇರ್ತೈತಿ, ಅದನ್ನ ಹಿಂಡಿ ಚೆಲ್ಲೋ ಪದ್ಧತಿ ಇನ್ನೂ ಕೆಲವು ಮನ್ಯಾಗ ಐತಿ, ದಯವಿಟ್ಟು ಚೆಲ್ಲಬ್ಯಾಡ್ರಿ, ಕೂಸಿಗೆ ರೋಗ ತಡಿಯೋ ಶಕ್ತಿ ಕೊಡೋದೇ ಅದು. ಅಷ್ಟ ಹಾಲು ಸಾಕಾಗ್ತೈತೇನು ಅಂತ ಎಲ್ಲಾರೂ ಕೇಳ್ತಾರ. ಸಾಕಾಗ್ತೈತಿ, ಕೂಸಿನ ಹೊಟ್ಟಿನೂ ಅವಾಗ ಅಷ್ಟ ಸಣ್ಣದು ಇರ್ತೈತಿ.

ಈಗ ಹಚ್ಚೋ ಕ್ರಮ. ಇದನ್ನ ನನಗ ಮೊದಲನೇ ಸಲ ಯಾರೂ ತೋರಸಲಿಲ್ಲ, ಹಿಂಗಾಗಿ ಒಂದೊಂದ ಬಿಡಿಸಿ ಹೇಳ್ತೀನಿ. ಬೆನ್ನಿಗೆ ದಿಂಬು ಕೊಟ್ಟು ಆರಾಮ ಕುಂಡ್ರ್ರಿ, ನೀವು ಕೂಸಿನ ಕಡೆ ಬಗ್ಗಬ್ಯಾಡ್ರಿ, ಕೂಸಿನ್ನ ನಿಮ್ಮ ಕಡೆ ತಗೋರಿ. ಅದರ ಹೊಟ್ಟಿ ನಿಮ್ಮ ಹೊಟ್ಟಿಗೆ ಹತ್ತಬೇಕು, ಕಿವಿ ಹೆಗಲ ಸೊಂಟ ಒಂದೇ ಗೆರ್ಯಾಗ ಇರಬೇಕು, ಕುತಿಗಿ ಹೊಳ್ಳಿರಬಾರದು. ಮೂಗು ತೊಟ್ಟಿನ ಎದರಿಗೆ ಇಟ್ಟು ತೊಟ್ಟಿಂದ ಅದರ ಮ್ಯಾಲಿನ ತುಟಿ ಸವರ್ರಿ. ಕೂಸು ಬಾಯಿ ತಗಿತೈತಿ, ಸೊಲ್ಪ ತಗದಾಗ ಗಡಬಡಿ ಮಾಡಬ್ಯಾಡ್ರಿ, ಆಕಳಿಸಿದಂಗ ದೊಡ್ಡದಾಗಿ ತಗಿಯೋತನಕ ತಡಿರಿ, ತಗದ ಕೂಡಲೇ ಎದಿಗೆ ಒತ್ತಿ ತಗೋರಿ. ಬರೇ ತೊಟ್ಟು ಬಾಯಾಗ ಹೋದ್ರ ಹಾಲೂ ಬರಂಗಿಲ್ಲ, ಎದಿನೂ ಬಿರಿತೈತಿ, ಸುತ್ತಲಿನ ಕಪ್ಪ ಭಾಗದಾಗ ಭಾಳಷ್ಟು ಒಳಗ ಹೋಗಬೇಕು. ಗದ್ದ ಎದಿಗೆ ಹತ್ತಿರಬೇಕು, ಕೆಳಗಿನ ತುಟಿ ಹೊರಗ ಮಡಚಿರಬೇಕು. ಮೊದಲ ಚಕಚಕಾ ಜಗ್ಗತೈತಿ, ಆಮ್ಯಾಲೆ ನಿಧಾನ ಆಗಿ ಗುಟುಕ್ ಗುಟುಕ್ ನುಂಗೋ ಸಪ್ಪಳ ಕೇಳ್ತೈತಿ. ಆ ಸಪ್ಪಳ ಕೇಳಿದ್ರ ಎಲ್ಲಾ ಬರೋಬ್ಬರಿ ಐತಿ ಅಂತ ತಿಳಕೋರಿ. ಒಂದು ನಿಮಿಷ ಆದ್ರೂ ನೋವು ಹಂಗೇ ಇದ್ರ ಕಿರಿಬೆರಳು ಬಾಯಿ ಮೂಲ್ಯಾಗ ಹಾಕಿ ಬಿಡಿಸಿ ಮತ್ತ ಹಚ್ಚರಿ, ಹಲ್ಲ ಕಚ್ಚಿ ತಡಕೊಂಡು ಕುಂಡ್ರಬ್ಯಾಡ್ರಿ.

ದಿನಕ್ಕ 8 ರಿಂದ 12 ಸಲ ಕುಡಸಬೇಕು, ರಾತ್ರಿನೂ ಸೇರಿ. ಗಡಿಯಾರ ನೋಡೋಕಿಂತ ಕೂಸಿನ್ನ ನೋಡ್ರಿ, ಕೈ ಬಾಯಿಗೆ ಒಯ್ಯತೈತಿ, ತಲಿ ಅತ್ಲಾಗ ಇತ್ಲಾಗ ಹೊಳ್ಳಸ್ತೈತಿ, ಅದೇ ಹಸಿವಿನ ಗುರುತು, ಅಳೋತನಕ ಕಾಯಬ್ಯಾಡ್ರಿ. ಒಂದು ಕಡೆ ಪೂರ್ತಿ ಕುಡದ ಮ್ಯಾಲೇ ಇನ್ನೊಂದು ಕಡೆ ಹಚ್ಚರಿ. ಆಮ್ಯಾಲೆ ಹೆಗಲ ಮ್ಯಾಲೆ ಹಾಕ್ಕೊಂಡು ಬೆನ್ನು ಸವರಿ ತೇಗು ತರಸ್ರಿ.

ಹಾಲು ಸಾಲ್ತೈತೋ ಇಲ್ಲೋ ಅನ್ನೋದು ಎಲ್ಲಾ ತಾಯಂದ್ರ ಚಿಂತಿ. ಎದಿ ಮೆತ್ತಗ ಆತು ಅಂದ್ರ ಹಾಲು ಹೋತು ಅಂತ ಅಲ್ಲ. ಕೂಸಿನ ಉಚ್ಚಿ ಎಣಸ್ರಿ, ಐದು ದಿನ ಆದ ಮ್ಯಾಲೆ ದಿನಕ್ಕ ಆರು ಸಲ ಅಥವಾ ಹೆಚ್ಚು ಉಚ್ಚಿ ಹೊಯ್ಯಾಕತ್ತಿದ್ರ, ಅದೂ ನೀರಿನಂಗ ತಿಳಿ ಇದ್ರ, ಹಾಲು ಸಾಲಾಕತ್ತೈತಿ. ಹುಟ್ಟಿದ ಮ್ಯಾಲೆ ಮೊದಲ ಕೆಲವು ದಿನ ತೂಕ ಸೊಲ್ಪ ಇಳಿತೈತಿ, ಎರಡು ವಾರದೊಳಗ ಹುಟ್ಟಿದಾಗಿನ ತೂಕಕ್ಕ ವಾಪಸ್ ಬರಬೇಕು, ಬರಲಿಲ್ಲಂದ್ರ ಡಾಕ್ಟರಿಗೆ ತೋರಸ್ರಿ. ಕಕ್ಕಾ ಮೊದಲ ಕರ್ರಗ ಇರ್ತೈತಿ, ಆಮ್ಯಾಲೆ ಹಸರು, ಐದನೇ ದಿನದ ಸುಮಾರಿಗೆ ಸಾಸಿವಿಯಂಗ ಹಳದಿ. ಸುಣ್ಣದಂಗ ಬೆಳ್ಳಗ ಹೋದ್ರ ಮಾತ್ರ ಅವತ್ತೇ ದವಾಖಾನಿಗೆ ಹೋಗ್ರಿ.

ಮೂರನೇ ನಾಕನೇ ದಿನ ಎದಿ ಕಲ್ಲಿನಂಗ ಬಿಗಿತೈತಿ. ಕುಡಸೋಕಿಂತ ಮೊದಲ ಬಿಸಿನೀರಾಗ ಅದ್ದಿ ಹಿಂಡಿದ ಬಟ್ಟಿ ಇಟ್ಟು ಸೊಲ್ಪ ಹಾಲು ಕೈಯಿಂದ ಹಿಂಡಿ ತಗದು ಮೆತ್ತಗ ಮಾಡಿ ಹಚ್ಚರಿ, ಕುಡಸಿದ ಮ್ಯಾಲೆ ತಣ್ಣನ ಬಟ್ಟಿ ಇಡ್ರಿ. ತೊಟ್ಟು ಬಿರತಿದ್ರ ನಿಮ್ಮ ಹಾಲೇ ನಾಕು ಹನಿ ಹಚ್ಚಿ ಗಾಳಿಗೆ ಬಿಡ್ರಿ. ಎದಿಯ ಒಂದು ಭಾಗ ಕೆಂಪಾಗಿ ಗಂಟ ಕಟ್ಟಿ ಚಳಿಜ್ವರಾ ಬಂದ್ರ ಹಾಲು ಕುಡಸೋದು ನಿಲ್ಲಸಬ್ಯಾಡ್ರಿ, ಅವತ್ತೇ ಡಾಕ್ಟರ್ ಕಡೆ ಹೋಗ್ರಿ. ನಾ ಮೊದಲನೇ ಸಲ ಯಾರೋ ಹೇಳಿದ್ರು ಅಂತ ಎರಡು ದಿನ ಆ ಕಡಿದು ಕುಡಸೋದು ಬಿಟ್ಟೆ, ಅದು ಇನ್ನೂ ಬಿಗದು ಕೈ ಎತ್ತಾಕೂ ಬರದಂಗ ಆಗಿತ್ತು.

ಬಾಣಂತಿ ಊಟ ಮತ್ತ ನೀರು

ನಮ್ಮ ಕಡೆ ಊಟ ಭಾಳ ಚೊಲೋ ಐತಿ, ಇದನ್ನ ಬಿಡಬ್ಯಾಡ್ರಿ. ಮೆತ್ತನ ಜ್ವಾಳದ ರೊಟ್ಟಿ, ಸಬ್ಬಸಗಿ ಪಲ್ಲೆ, ಮೆಂತೆ ಪಲ್ಲೆ, ಹೆಸರುಬ್ಯಾಳಿ, ಬೆಳ್ಳುಳ್ಳಿ, ತುಪ್ಪ, ಅಳವಿ ಪಾಯಸ, ಅಂಟಿನ ಉಂಡಿ. ನೋಡಾಕ ಬಂದವ್ರು ಅಮೀನಗಡದ ಕರದಂಟು ತಂದ್ರ ಅದೂ ಬುಟ್ಟಿಗೆ ಹಾಕ್ಕೋರಿ, ರಾತ್ರಿ ಮೂರಕ್ಕ ಹಸಿವು ಆದಾಗ ಅದೇ ಕೈಗೆ ಸಿಗೋದು. ಆದ್ರ ಉಂಡಿ ಒಂದೇ ಊಟ ಅಲ್ಲ. ಕಾಯಿಪಲ್ಲೆ, ಹಣ್ಣು, ಹಾಲು, ಮೊಸರು, ತತ್ತಿ ತಿನ್ನಾವ್ರಾದ್ರ ತತ್ತಿ ಎಲ್ಲಾ ಬೇಕು. ಬಾಳಿಹಣ್ಣು ತಿಂದ್ರ ಕೂಸಿಗೆ ನೆಗಡಿ ಬರ್ತೈತಿ ಅಂತಾರ, ಹಂಗೇನಿಲ್ಲ.

ನೀರಿನ ವಿಷಯ ಗಟ್ಟಿಯಾಗಿ ಹೇಳ್ತೀನಿ. ಬಾಣಂತಿ ನೀರು ಕುಡದ್ರ ಹೊಟ್ಟಿ ಬರ್ತೈತಿ ಅಂತ ಒಂದು ಗ್ಲಾಸ್‌ಗೂ ಕಾಡಸ್ತಾರ, ಬಾಗಲಕೋಟಿ ವಿಜಯಪುರದ ಬಿಸಲಾಗ ಇದು ಭಾಳ ಕೆಟ್ಟದ್ದು, ತಲಿಸುತ್ತು ಬರ್ತೈತಿ, ಮಲಬದ್ಧತಿ ಆಗ್ತೈತಿ, ಹೊಲಿಗಿ ಇದ್ದಾವ್ರಿಗೆ ಅದು ನರಕ. ಪ್ರತಿ ಸಲ ಕುಡಸಾಕ ಕುಂತಾಗ ಒಂದು ಗ್ಲಾಸ್ ನೀರು ಕುಡದೇ ಕುಂಡ್ರ್ರಿ. ಬಿಸಿನೀರೇ ಕೊಡ್ತೀನಿ ಅಂದ್ರ ಬಿಸಿನೀರೇ ಕುಡಿರಿ, ಅದಕ್ಕ ವಾದ ಬ್ಯಾಡ, ಹೊಟ್ಟ್ಯಾಗ ನೀರು ಹೋದ್ರ ಸಾಕು.

ಸರಕಾರಿ ಆಸ್ಪತ್ರ್ಯಾಗ ಕೊಡೋ ಕಬ್ಬಿಣದ ಗುಳಿಗಿ, ಕ್ಯಾಲ್ಸಿಯಂ ಗುಳಿಗಿ ಹೆರಿಗಿ ಆದ ಮ್ಯಾಲೂ 180 ದಿನ ತಗೋಬೇಕು. ಎರಡೂ ಒಮ್ಮೆಲೆ ನುಂಗಬ್ಯಾಡ್ರಿ, ನಡುವ ಎರಡು ತಾಸಾದ್ರೂ ಇರಲಿ, ಕಬ್ಬಿಣದ ಗುಳಿಗಿ ಚಹಾದ ಜೋಡಿನೂ ಬ್ಯಾಡ.

ಎರಿಯೋದು

ಹೊಕ್ಕಳ ಬಳ್ಳಿ ಒಣಗಿ ಬೀಳಾಕ ಒಂದೆರಡು ವಾರ ಬೇಕು. ಅಲ್ಲಿತನಕ ಬೆಚ್ಚನ ನೀರಾಗ ಬಟ್ಟಿ ಅದ್ದಿ ಒರಸಿದ್ರ ಸಾಕು, ಬಳ್ಳಿಗೆ ಅರಿಷಿಣ, ಬೂದಿ, ಎಣ್ಣಿ ಏನೂ ಹಚ್ಚಬ್ಯಾಡ್ರಿ, ಒಣಾ ಇಡ್ರಿ, ಲಂಗೋಟಿ ಅದರ ಕೆಳಗ ಕಟ್ಟರಿ. ಸುತ್ತಲೂ ಕೆಂಪಾಗಿ ಕೀವ ಬಂದ್ರ ಡಾಕ್ಟರಿಗೆ ತೋರಸ್ರಿ.

ಬಳ್ಳಿ ಬಿದ್ದ ಮ್ಯಾಲೆ ಆಯಿ ಎರಿಯೋದು ನೋಡೋದೇ ಒಂದು ಚೆಂದ. ನಮ್ಮ ಅವ್ವ ಸಣ್ಣ ಮಣಿ ಮ್ಯಾಲೆ ಕುಂತು ಕಾಲು ನೀಡಿ, ಸೀರಿ ಮೊಳಕಾಲಮಟ ಎತ್ತಿ, ಕೂಸಿನ್ನ ಎರಡೂ ಕಾಲಿನ ಸಂದ್ಯಾಗ ಅಂಗಾತ ಮಲಗಿಸಿ, ಕೊಬ್ಬರಿ ಎಣ್ಣಿ ಅಂಗೈಯಾಗ ತಿಕ್ಕಿ ಬೆಚ್ಚಗ ಮಾಡಿ ಎದಿಯಿಂದ ಕೈತನಕ, ತೊಡಿಯಿಂದ ಪಾದದತನಕ ಸವರ್ತಿದ್ಲು, ಕೂಸು ಅವಳ ಮಾರಿನೇ ನೋಡ್ತಾ ಕಣ್ಣು ಪಿಳಿಪಿಳಿ ಮಾಡ್ತಿತ್ತು. ಇದು ಉಳೀಬೇಕ್ರಿ. ತಗಿಬೇಕಾದದ್ದು ನಾಕೇ: ಮೂಗು ಕಿವಿಯಾಗ ಎಣ್ಣಿ ಹಾಕೋದು, ಮೂಗು ತಲಿ ಒತ್ತಿ ಆಕಾರ ಮಾಡೋದು, ಕೂಸಿನ ಮಲಿ ಹಿಂಡಿ ಹಾಲು ತಗಿಯೋದು, ಕಾಲು ಹಿಡದು ತಲಿ ಕೆಳಗ ಮಾಡಿ ಜೋಲಸೋದು. ನೀರು ಮೊಣಕೈಯಿಂದ ಮುಟ್ಟಿ ನೋಡ್ರಿ, ಅಂಗೈಗೆ ಬಿಸಿ ಗೊತ್ತಾಗಂಗಿಲ್ಲ. ಹತ್ತು ನಿಮಿಷದಾಗ ಮುಗಿಸಿ ಒರಸಿ ಸುತ್ತರಿ. ಹೆಣ್ಣು ಕೂಸಾದ್ರ ಮುಂದಿಂದ ಹಿಂದಕ್ಕ ಒರಸಬೇಕು, ಹಿಂದಿಂದ ಮುಂದಕ್ಕ ಅಲ್ಲ.

ಎರದ ಮ್ಯಾಲೆ ಶಗಡಿ ಹಚ್ಚಿ ಕಾಸೋದು, ಲೋಬಾನದ ಹೊಗಿ ಹಾಕೋದು ನಮ್ಮಲ್ಲಿ ಐತಿ. ಮೊದಲನೇ ಬಾಣಂತನದಾಗ ಬಾಗಲಾ ಕಿಡಕಿ ಹಾಕಿ ಇದ್ದಲಿ ಶಗಡಿ ಇಟ್ಟಿದ್ರು, ಅರ್ಧಾ ತಾಸಿಗೆ ನನಗ ತಲಿ ಒಡದಂಗ ನೋವು, ವಾಂತಿ ಬಂದಂಗ ಆತು. ಬಂದ್ ಕೋಣ್ಯಾಗ ಇದ್ದಲಿ ಉರದ್ರ ಕಾರ್ಬನ್ ಮೊನಾಕ್ಸೈಡ್ ಗಾಳಿ ತುಂಬತೈತಿ, ಅದಕ್ಕ ವಾಸನಿನೂ ಇಲ್ಲ ಬಣ್ಣನೂ ಇಲ್ಲ, ಜೀವಾನೇ ತಗಿಬಹುದು. ಹೊಗಿ ಕೂಸಿನ ಪುಪ್ಪಸಕ್ಕೂ ಕೆಟ್ಟದ್ದು. ದೃಷ್ಟಿ ತಗಿಯೋದಿದ್ರ ತಗೀರಿ, ಆದ್ರ ಉಪ್ಪು ಮೆಣಸಿನಕಾಯಿ ಸುಡೋದು ಹೊರಗ ಅಂಗಳದಾಗ ಇರಲಿ.

ಬ್ಯಾಸಗಿ ಕೂಸು

ಮಾರ್ಚಿನಿಂದ ಜೂನ್ ಒಳಗ ಹುಟ್ಟಿದ ಕೂಸಿಗೆ ನಮ್ಮೂರಾಗ ಚಳಿಗಿಂತ ಬಿಸಲೇ ದೊಡ್ಡ ಕಾಟ, 40 ಡಿಗ್ರಿ ಸಹಜಾ ದಾಟತೈತಿ, ಅಂಥಾದ್ರಾಗೂ ಕುಲಾಯಿ, ಸ್ವೆಟರ್, ಸಾಕ್ಸ್, ಮ್ಯಾಲೆ ಕೌದಿ ಹೊಚ್ಚತಾರ. ಕೂಸಿನ ಕೈಕಾಲು ಮುಟ್ಟಿ ತಣ್ಣಗದಾವ ಅಂತ ಹೊಚ್ಚಬ್ಯಾಡ್ರಿ, ಎದಿ ಮತ್ತ ಕುತಿಗಿ ಹಿಂದ ಮುಟ್ಟಿ ನೋಡ್ರಿ, ಅಲ್ಲಿ ಬೆವತಿದ್ರ ಬಟ್ಟಿ ಕಡಿಮಿ ಮಾಡ್ರಿ. ತೆಳ್ಳನ ಒಂದು ಅಂಗಿ, ಲಂಗೋಟಿ ಸಾಕು. ಫ್ಯಾನ್ ಹಾಕಬಹುದು, ಕೂಲರ್ ಗಾಳಿ ನೇರ ಮೈಮ್ಯಾಲೆ ಬರಬಾರದು ಅಷ್ಟ. ಬೆವರುಸಾಲಿ ಎದ್ರ ಪೌಡರ್ ಉದರಸಬ್ಯಾಡ್ರಿ, ಆ ಧೂಳಿ ಉಸರಿನ್ಯಾಗ ಹೋಗ್ತೈತಿ, ತಣ್ಣನ ನೀರಿನ ಬಟ್ಟಿಯಿಂದ ಒರಸಿ ಗಾಳಿಗೆ ಬಿಡ್ರಿ.

ಇಷ್ಟು ಬಿಸಲಾಗ ಕೂಸಿಗೆ ನೀರಡಿಕಿ ಆಗಂಗಿಲ್ಲೇನು ಅಂತ ಅತ್ತಿ ಕೇಳೇ ಕೇಳ್ತಾರ. ಎದಿಹಾಲಿನಾಗ ಸುಮಾರು 87 ಪರ್ಸೆಂಟ್ ನೀರೇ ಇರ್ತೈತಿ, ಆರು ತಿಂಗಳತನಕ ಬ್ಯಾರೆ ಒಂದು ಹನಿ ನೀರೂ ಬ್ಯಾಡ, ಇನ್ನೆರಡು ಸಲ ಹೆಚ್ಚಿಗಿ ಕುಡಸ್ರಿ. ನೀರು ನೀವು ಕುಡಿರಿ.

ರಾತ್ರಿ

ಹಸುಗೂಸು ದಿನಕ್ಕ 14 ರಿಂದ 17 ತಾಸು ಮಲಗತೈತಿ, ಆದ್ರ ಎರಡು ಮೂರು ತಾಸಿಗೊಮ್ಮೆ ಏಳ್ತೈತಿ, ಹಗಲು ರಾತ್ರಿ ಅನ್ನೋದು ಅದಕ್ಕಿನ್ನೂ ಗೊತ್ತಿಲ್ಲ. ರಾತ್ರಿ ಎಬ್ಬಿಸಿದ್ರ ಲೈಟ್ ಸಣ್ಣದು, ಮಾತು ಕಡಿಮಿ, ಕುಡಸಿ ಬದಲಿಸಿ ಮಲಗಸೋದು. ಹಗಲಿ ಕಿಡಕಿ ತಗದು ಮಾತಾಡಸ್ರಿ. ಎರಡು ಮೂರು ತಿಂಗಳಿಗೆ ಸೊಲ್ಪ ಹದಕ್ಕ ಬರ್ತೈತಿ.

ಯಾವಾಗ್ಲೂ ಅಂಗಾತ ಮಲಗಸ್ರಿ, ಗಟ್ಟಿ ಹಾಸಗಿ ಮ್ಯಾಲೆ. ತಲಿ ದುಂಡಗ ಆಗಲಿ ಅಂತ ಸಾಸಿವಿ ದಿಂಬು ಹಾಕ್ತಾರ, ಅದೂ ಬ್ಯಾಡ, ಮೆತ್ತನ ದಿಂಬು ರಗ್ಗು ಏನೂ ಸನೇಕ ಇರಬಾರದು, ಮಾರಿ ಮ್ಯಾಲೆ ಬಂದ್ರ ಸರಸೋ ಶಕ್ತಿ ಅದಕ್ಕಿಲ್ಲ. ಸೀರಿ ಜೋಳಿಗ್ಯಾಗ ತೂಗಿ ಮಲಗಸಬಹುದು, ಆದ್ರ ಅದರಾಗ ಕೂಸು ಬಗ್ಗಿ ಗದ್ದ ಎದಿಗೆ ಹತ್ತಿ ಉಸಿರಿಗೆ ತ್ರಾಸ ಆಗ್ತೈತಿ, ಹಿಂಗಾಗಿ ನಿದ್ದಿ ಹತ್ತಿದ ಮ್ಯಾಲೆ ತಗದು ಸಪಾಟ ಜಾಗಾದಾಗ ಹಾಕ್ರಿ.

ಸಂಜಿ ಆರರಿಂದ ರಾತ್ರಿ ಹತ್ತರತನಕ ಸುಮ್ಮಸುಮ್ಮನ ಅಳೋ ಕೂಸು ಭಾಳ ಅದಾವ. ಆರು ವಾರದ ಹೊತ್ತಿಗೆ ಇದು ಭಾಳ ಜೋರ ಇರ್ತೈತಿ, ಮೂರು ನಾಕು ತಿಂಗಳಿಗೆ ತಾನೇ ಕಡಿಮಿ ಆಗ್ತೈತಿ. ಹಸಿವು, ಒದ್ದಿ ಲಂಗೋಟಿ, ಸೆಕಿ, ತೇಗು, ಇರುವಿ ಕಡದೈತೇನು, ಎಲ್ಲಾ ನೋಡಿ ಆದ ಮ್ಯಾಲೂ ಅತ್ರ ಎದಿಗೆ ಅಪ್ಪಿಕೊಂಡು ಅಡ್ಡಾಡ್ರಿ. ನಿಮಗೇ ತಲಿ ಕೆಟ್ಟು ಸಿಟ್ಟು ಬಂದ್ರ ಕೂಸಿನ್ನ ತೊಟ್ಟಲಾಗ ಮಲಗಿಸಿ ಐದು ನಿಮಿಷ ಹೊರಗ ಬರ್ರಿ, ಬ್ಯಾರೆಯವ್ರ ಕೈಯಾಗ ಕೊಡ್ರಿ, ಯಾವ ಕಾರಣಕ್ಕೂ ಅಲುಗಾಡಸಬ್ಯಾಡ್ರಿ, ಮೆದುಳಿಗೆ ಪೆಟ್ಟ ಬೀಳ್ತೈತಿ.

ಹಿರ್ಯಾರಿಗೆ ಹೆಂಗ ಹೇಳೋದು

ಗುಟ್ಟಿ, ಜೇನುತುಪ್ಪ, ಸಕ್ಕರಿ ನೀರು, ಗ್ರೈಪ್ ವಾಟರ್, ಆಕಳ ಹಾಲು, ಕಣ್ಣಿಗೆ ಕಾಡಗಿ, ಇವು ಎಲ್ಲಾ ಮನ್ಯಾಗೂ ಬರ್ತಾವ. ಜೇನುತುಪ್ಪ ಒಂದು ವರ್ಷದತನಕ ಬಾಯಿಗೆ ಹಚ್ಚಲೇಬಾರದು, ಅದರಾಗಿನ ಬ್ಯಾಕ್ಟೀರಿಯಾದಿಂದ ಬಾಟುಲಿಸಂ ಅನ್ನೋ ಕೆಟ್ಟ ರೋಗ ಬರಬಹುದು. ಆಕಳ ಹಾಲು ಕುಡಸೋದೂ ವರ್ಷದ ಮ್ಯಾಲೇ. ಗುಟ್ಟಿ ತೇಯೋ ಕಲ್ಲು, ನೀರು ಸ್ವಚ್ಛ ಇರಲಿಲ್ಲಂದ್ರ ಭೇದಿ ಹತ್ತತೈತಿ. ಕಾಡಗ್ಯಾಗ ಸೀಸ ಇರಬಹುದು, ಹಚ್ಚಲೇಬೇಕಂದ್ರ ಅಂಗಿ ಮ್ಯಾಲೆ ಒಂದು ಬೊಟ್ಟು ಇಡ್ರಿ ಅಂತ ನಾ ಅತ್ತಿಗೆ ಹೇಳಿದೆ, ಅವ್ರು ಒಪ್ಪಿದ್ರು.

ವಾದಾ ಮಾಡಿದ್ರ ಮನಸ್ಸು ಕೆಡತೈತಿ, ಅವರೂ ಕೂಸಿನ ಮ್ಯಾಲಿನ ಜೀವಕ್ಕೇ ಮಾಡೋದು. "ಅತ್ತಿ, ನಿಮ್ಮ ಕೈಯಾಗ ಎಷ್ಟು ಮಕ್ಕಳು ಬೆಳದಾವ, ನನಗ ಗೊತ್ತೈತ್ರಿ, ಡಾಕ್ಟರ್ ಮಾತ್ರ ಆರು ತಿಂಗಳು ಏನೂ ಬ್ಯಾಡ ಅಂದಾರ, ನೀವೇ ಒಂದ್ಸಲ ನನ್ನ ಜೋಡಿ ಬಂದು ಕೇಳ್ರಿ" ಅಂತ ಅಂದೆ. ಆರನೇ ವಾರದ ಇಂಜೆಕ್ಷನ್‌ಗೆ ಅವರನ್ನೇ ಕರಕೊಂಡು ಹೋದೆ, ನರ್ಸಮ್ಮ ಹೇಳಿದ ಮ್ಯಾಲೆ ಮನಿಗೆ ಬಂದವರಿಗೆಲ್ಲಾ ಅತ್ತಿನೇ ಹೇಳಾಕ ಹತ್ತಿದ್ರು.

ಇಂಜೆಕ್ಷನ್, ಆಶಾ, ತಾಯಿ ಕಾರ್ಡ್

ಹುಟ್ಟಿದಾಗ ಬಿಸಿಜಿ, ಪೋಲಿಯೊ ಹನಿ, ಹೆಪಟೈಟಿಸ್-ಬಿ. ಆಮ್ಯಾಲೆ 6, 10, 14 ವಾರಕ್ಕ ಪೆಂಟಾವಲೆಂಟ್ (ಐದು ರೋಗಕ್ಕ ಒಂದೇ ಇಂಜೆಕ್ಷನ್), ಪೋಲಿಯೊ, ರೋಟಾ, 9 ತಿಂಗಳಿಗೆ ದಡಾರ-ರುಬೆಲ್ಲಾ. ಸರಕಾರಿ ದವಾಖಾನ್ಯಾಗ ಎಲ್ಲಾ ಫ್ರೀ. ಬಿಸಿಜಿ ಹಾಕಿದಲ್ಲಿ ಕೆಲವು ವಾರಕ್ಕ ಗುಳ್ಳಿ ಎದ್ದು ಒಡಿತೈತಿ, ಏನೂ ಹಚ್ಚಬ್ಯಾಡ್ರಿ. ಪೆಂಟಾ ಆದ ದಿನ ಜ್ವರಾ ಬರಬಹುದು, ಔಷಧ ಎಷ್ಟು ಹನಿ, ಎಷ್ಟು ಜ್ವರಾ ಬಂದ್ರ ಹೊಳ್ಳಿ ಬರಬೇಕು ಅಂತ ಅಲ್ಲೇ ಕೇಳಿ ಬರಸಕೊಂಡು ಬರ್ರಿ. ತಾಯಿ ಕಾರ್ಡ್ ತವರಿಗೆ ಹೋದ್ರೂ ಜೋಡಿಗೇ ಇರಲಿ. ಆಸ್ಪತ್ರ್ಯಾಗ ಹೆರಿಗಿ ಆಗಿದ್ರ ಆಶಾ ಕಾರ್ಯಕರ್ತಿ 3, 7, 14, 21, 28, 42ನೇ ದಿನ ಮನಿಗೆ ಬರಬೇಕು, ಬಂದಾಗ ತೂಕ ಮಾಡಸ್ರಿ, ಮನಸ್ಸಿನ್ಯಾಗ ಇದ್ದದ್ದೆಲ್ಲಾ ಕೇಳ್ರಿ.

ಇಷ್ಟು ಮಾತ್ರ ಕಾಗದದ ಮ್ಯಾಲೆ ಬರದು ಕಪಾಟಿಗೆ ಅಂಟಿಸ್ರಿ: ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಜ್ವರಾ, ಅಥವಾ ಮೈ ತಣ್ಣಗ ಆಗೋದು, ಹಾಲು ಕುಡಿಯೋದು ಬಿಡೋದು, ಉಸಿರಾಡುವಾಗ ಪಕ್ಕೆ ಒಳಗ ಜಗ್ಗೋದು, ಫಿಟ್ಸ್, ಎಬ್ಬಿಸಿದ್ರೂ ಏಳದಂಗ ಮಂಪರು, ಅಂಗೈ ಅಂಗಾಲಿಗೂ ಬಂದ ಕಾಮಾಲಿ ಹಳದಿ, ಹಸರು ವಾಂತಿ. ಇದರಾಗ ಒಂದು ಕಂಡ್ರೂ 108ಕ್ಕ ಫೋನ್ ಹಚ್ಚರಿ, ಬೆಳಕು ಹರೀಲಿ ಅಂತ ಕಾಯಬ್ಯಾಡ್ರಿ. ಕಾಮಾಲಿಗೆ ಮುಂಜಾನಿ ಬಿಸಲು ತೋರಿಸಿ ಸುಮ್ಮನ ಕುಂಡ್ರೋದೂ ಬ್ಯಾಡ. ನಿಮಗ ತಾಸಿಗೊಂದು ಪ್ಯಾಡ್ ತೊಯ್ಯುವಷ್ಟು ರಕ್ತ ಹೋದ್ರ, ಜ್ವರಾ ಬಂದ್ರ, ಒಂದು ಕಾಲು ಬಾತು ನೋವಾದ್ರ, ಕಣ್ಣು ಮಂಜಾಗಿ ತಲಿನೋವು ಜೋರಾದ್ರ ನೀವೂ ಹಂಗೇ ಹೋಗಬೇಕು.

ನಿಮ್ಮ ಮನಸ್ಸು

ಹೆರಿಗಿ ಆಗಿ ಎರಡು ಮೂರು ದಿನಕ್ಕ ಕಾರಣ ಇಲ್ಲದ ಅಳು ಬರ್ತೈತಿ, ಭಾಳಷ್ಟು ಹೆಣಮಕ್ಕಳಿಗೆ ಬರ್ತೈತಿ, ಎರಡು ವಾರದೊಳಗ ಹೋಗ್ತೈತಿ. ಎರಡು ವಾರ ದಾಟಿದ್ರೂ ಅಳು, ಕೂಸಿನ್ನ ನೋಡಾಕೂ ಬ್ಯಾಡ ಅನಸೋದು, ಕೂಸು ಮಲಗಿದ್ರೂ ನಿದ್ದಿ ಬರಲಾರದ್ದು, ಸಾಯಬೇಕು ಅನಸೋದು ಇದ್ರ ಅದು ಸೊಕ್ಕೂ ಅಲ್ಲ, ಗಾಳಿ ಬಡದದ್ದೂ ಅಲ್ಲ, ಜಡ್ಡು, ಅದಕ್ಕ ಔಷಧ ಐತಿ, ಹಾಲು ಕುಡಸ್ತಾನೇ ತಗೋಬಹುದಾದ ಔಷಧನೂ ಅದಾವ. ಟೆಲಿ ಮಾನಸ್ ಅಂತ ಸರಕಾರದ ಸಹಾಯವಾಣಿ ಐತಿ, ನಂಬರ್ 14416, ಹಗಲು ರಾತ್ರಿ ಕನ್ನಡದಾಗೇ ಮಾತಾಡ್ತಾರ. ಗಂಡಂದ್ರೇ, ಹೆಂಡ್ತಿ ಊಟ ಬಿಟ್ಟಾಳ, ಮಾತು ಬಿಟ್ಟಾಳ ಅಂತ ಕಂಡ್ರ ನೀವೇ ಫೋನ್ ಹಚ್ಚರಿ, ಅಂಥಾ ಹೊತ್ತಿನ್ಯಾಗ ಆಕಿಗೆ ಫೋನ್ ಎತ್ತೋ ಶಕ್ತಿನೂ ಇರಂಗಿಲ್ಲ.

ದಿನಕ್ಕ ಒಂದ್ಸಲ ಎರಡು ತಾಸು ಒಂದೇ ಗುಕ್ಕಿಗೆ ನಿದ್ದಿ ಸಿಗೋಹಂಗ ನೋಡ್ಕೋರಿ. ನಂದು ಮುಂಜಾನಿ ಎಂಟರಿಂದ ಹತ್ತು ಇತ್ತು, ಕೂಸು ಅವ್ವನ ಕಡೆ, ಯಾರು ನೋಡಾಕ ಬಂದ್ರೂ ನನ್ನ ಬಾಗಲಾ ತಗಿಯೋಹಂಗಿಲ್ಲ.

ಕೆಲಸಕ್ಕ ಹೊಳ್ಳಿ ಹೋಗೋದು, ಊಟ ಸುರು ಮಾಡೋದು

ನೌಕರಿ ಮಾಡಾವ್ರಿಗೆ ಕಾನೂನಿನ ಪ್ರಕಾರ 10 ಅಥವಾ ಹೆಚ್ಚು ಮಂದಿ ಇರೋ ಕಡೆ ಮೊದಲೆರಡು ಕೂಸಿಗೆ 26 ವಾರ ಪಗಾರ ಸಮೇತ ರಜಾ ಐತಿ, ಕೇಳಿ ತಗೋರಿ. ಹೋಗೋ ಹದಿನೈದು ದಿನ ಮೊದಲಿಂದ ಹಾಲು ಹಿಂಡಿ ಇಡೋದು ರೂಢಿ ಮಾಡ್ರಿ, ಕುದಿಸಿದ ಸ್ಟೀಲ್ ಬಟ್ಟಲದಾಗ. ಹೊರಗ 25 ಡಿಗ್ರಿ ಒಳಗಿದ್ರ 4 ತಾಸು ಇರ್ತೈತಿ, ನಮ್ಮ ಬ್ಯಾಸಗ್ಯಾಗ ಹೊರಗ ಇಡೋದೇ ಬ್ಯಾಡ, ಸೀದಾ ಫ್ರಿಜ್‌ಗೆ ಇಡ್ರಿ, 4 ದಿನ ನಡಿತೈತಿ, ಬಾಗಲದಾಗ ಅಲ್ಲ, ಒಳಗ ಹಿಂದಿನ ಕಡೆ. ಕರೆಂಟ್ ಹೋಗಿ ಭಾಳ ಹೊತ್ತು ಆಗಿದ್ರ ಆ ಹಾಲು ಚೆಲ್ಲಿಬಿಡ್ರಿ. ಕುಡಸುವಾಗ ಬಿಸಿನೀರಿನ ಪಾತ್ರ್ಯಾಗ ಬಟ್ಟಲ ಇಟ್ಟು ಬೆಚ್ಚಗ ಮಾಡ್ರಿ, ಒಲಿ ಮ್ಯಾಲೆ ಕುದಸಬ್ಯಾಡ್ರಿ, ಬಾಟಲಿ ಬದ್ಲಿ ಚಮಚಾ ವಾಟಗಾದಾಗ ಕುಡಸ್ರಿ.

ಆರು ತಿಂಗಳು ತುಂಬಿದ ಮ್ಯಾಲೆ ಎದಿಹಾಲಿನ ಜೋಡಿ ಊಟ ಸುರು. ಅಕ್ಕಿ-ಹೆಸರುಬ್ಯಾಳಿ ಮೆತ್ತಗ ಕುದಿಸಿ ಬೆರಳಿಂದ ನುರಿದು ಒಂದು ಹನಿ ತುಪ್ಪ ಹಾಕಿ ಎರಡು ಮೂರು ಚಮಚಾ. ಚಮಚಾ ಓರೆ ಮಾಡಿದ್ರ ಸುರಿಬಾರದು, ಅಷ್ಟು ಗಟ್ಟಿ ಇರಬೇಕು. ನಮ್ಮಕಿ ಮೊದಲ ಮೂರು ದಿನ ನಾಲಿಗಿಯಿಂದ ಹೊರಗೇ ನೂಕಿದ್ಲು, ನಾಕನೇ ದಿನ ಚಮಚಾ ಬರೋಕಿಂತ ಮೊದಲೇ ಬಾಯಿ ತಗದು ಕುಂತ್ಲು.